ಮಿಟ್ಟಪಲ್ಲಿಗೆ ಒಂದು ಬಟ್ಟಲು ಹೆಪ್ಪು

ಮುಳಬಾಗಿಲಿನಿಂದ ಬೈರಕೂರಿನ ಕಡೆಗೆ ಹೋಗುವ ಬಸ್ಸು ಚಿಂತಮಾನಪಲ್ಲಿ ಕ್ರಾಸಿನಲ್ಲಿ ನಿಂತಾಗ ಗಂಗಾಲಕ್ಷ್ಮಿ ಮೊದಲು ಟ್ರಂಕು ಇಳಿಸಿ, ಆಮೇಲೆ ತಾನು ಇಳಿದಳು. ತಲೆಯ ಮೇಲೆ ವಿಶ್ವಸಂಸ್ಥೆಯ ನೀಲಿ ಟೋಪಿ ಇತ್ತು. ಬಿಸಿಲಿಗೆಂದು ಹಾಕಿಕೊಂಡಿದ್ದಳು, ಜಂಬಕ್ಕಲ್ಲ. ಜಂಬವೂ ಒಂದು ಚಿಟಿಕೆ ಇತ್ತು ಅನ್ನಿ, ಸುಳ್ಳು ಯಾಕೆ ಹೇಳಬೇಕು. ಕೋಲಾರದಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದವಳು ಶಾಂತಿಪಾಲನೆಗೆ ಆಯ್ಕೆಯಾಗಿ, ಒಂದು ವರ್ಷ ದಕ್ಷಿಣ ಸುಡಾನಿನಲ್ಲಿ ಕೆಲಸ ಮಾಡಿ ಬಂದಿದ್ದಾಳೆ ಎಂದರೆ ಸಣ್ಣ ಮಾತಲ್ಲ. ಆ ವರ್ಷವಿಡೀ ಅವಳು ಕನಸು ಕಂಡಿದ್ದು ಎರಡೇ ಸಂಗತಿಯನ್ನು. ಗಂಡನ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂರಬೇಕು, ತವರಿಗೆ ಹೋಗಿ ಅಮ್ಮ ಮಾಡಿದ ಬಿಸಿ ಮುದ್ದೆ, ಮಸ್ಸೊಪ್ಪು ಉಣ್ಣಬೇಕು. ಎರಡಕ್ಕೂ ಒಂದೇ ದಿನ ಸಾಕಿತ್ತು. ಗಂಡನ ಊರು ಮಿಟ್ಟಪಲ್ಲಿ ಕ್ರಾಸಿನಿಂದ ಬಲಕ್ಕೆ, ತವರೂರು ಚಿಂತಮಾನಪಲ್ಲಿ ಎಡಕ್ಕೆ. ಇಲ್ಲಿ ಕೂಗಿದರೆ ಅಲ್ಲಿ ಕೇಳಿಸುತ್ತದೆ.

ಅವಳನ್ನು ಕರೆದುಕೊಂಡು ಹೋಗಲು ಎರಡೂ ಕಡೆಯವರು ಬಂದಿದ್ದರು. ಬಲಗಡೆ ಗಂಡ ಕದಿರೇಶ್ ಬೈಕಿನ ಮೇಲೆ ಕೂತಿದ್ದ. ಎಡಗಡೆ ಅಮ್ಮ ಮುನಿಯಲ್ಲಮ್ಮ, ಅವಳ ಪಕ್ಕದಲ್ಲಿ ತಮ್ಮ ಕಾಂತರಾಜ್ ನಿಂತಿದ್ದರು. ನಡುವೆ ದೊಡ್ಡ ಹುಣಸೆಮರ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಗಂಗಾ, ಹತ್ತು. ಅಮ್ಮ ಬೆಳಗ್ಗಿಂದ ಕಾಯ್ತಾವ್ಳೆ," ಎಂದ ಕದಿರೇಶ್.

"ಎಸರಿಟ್ಟು ಬಂದಿದೀನಿ ಕಣಮ್ಮಾಯಿ. ಒಂದು ತುತ್ತು ಉಂಡು ಆಮೇಲೆ ಹೋಗು," ಎಂದಳು ಮುನಿಯಲ್ಲಮ್ಮ.

"ಅದಕ್ಕೇನಂತೆ, ಎಲ್ರೂ ಹೋಗಿ ಉಂಡ್ಬಿಟ್ಟು ಬರೋಣ ಬನ್ನಿ," ಎಂದು ಗಂಗಾಲಕ್ಷ್ಮಿ ನಗುತ್ತ ಟ್ರಂಕಿಗೆ ಕೈ ಹಾಕಿದಳು. ಯಾರೂ ನಗಲಿಲ್ಲ.

"ಆ ಊರ ನೀರು ಮುಟ್ಟಲ್ಲ ಅಂತ ನಮ್ಮೂರೆಲ್ಲ ಸೇರಿ ಆಣೆ ಇಟ್ಟಿದೀವಿ," ಎಂದ ಕದಿರೇಶ್. "ನೀನೂ ನಮ್ಮೂರೋಳೇ."

"ನಾವೂ ಇಟ್ಟಿದೀವಿ ಅಕ್ಕ," ಎಂದ ಕಾಂತರಾಜ್, ಮರದ ಕಡೆ ನೋಡಿಕೊಂಡು. "ಅಲ್ಲಿ ಉಂಡು ಬಂದೋರಿಗೆ ಇಲ್ಲಿ ಹೊಸ್ಲಿಲ್ಲ. ನಮ್ಮಕ್ಕ ಆದ್ರೂ ಅಷ್ಟೇ."

ಗಂಗಾಲಕ್ಷ್ಮಿ ಎರಡೂ ದಾರಿ ನೋಡಿದಳು. ಬಲದ ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಬೇಲಿ, ಒಬ್ಬರು ಓರೆಯಾಗಿ ನುಸುಳುವಷ್ಟು ಸಂದು. ಎಡದ ದಾರಿಗೂ ಅಂಥದೇ ಬೇಲಿ, ಅಷ್ಟೇ ಸಂದು. ಏನೋ ಸಣ್ಣ ಕಿರಿಕಿರಿ ನಡೆದಿದೆ ಎಂದು ಫೋನಿನಲ್ಲಿ ಕೇಳಿದ್ದಳು. ಸಾವಿರಾರು ಮೈಲಿ ದೂರದಲ್ಲಿ ಬೇಲಿ ಕಾದು ಬಂದವಳಿಗೆ ಸ್ವಂತ ಊರಿನ ಕ್ರಾಸಿನಲ್ಲಿ ಬೇಲಿ ಕಂಡಿತು. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು.

ಜಗಳದ ಮೂಲ ಹಾಲು. ಎರಡೂ ಊರಿಗೆ ಸೇರಿ ಒಂದೇ ಹಾಲಿನ ಸಂಘ, ಜನರ ಬಾಯಲ್ಲಿ ಡೈರಿ. ಕಟ್ಟಡ ಇರುವುದು ಚಿಂತಮಾನಪಲ್ಲಿಯಲ್ಲಿ, ಹಾಲು ತಂಪು ಮಾಡುವ ದೊಡ್ಡ ಟ್ಯಾಂಕೂ ಅಲ್ಲೇ, ಅಧ್ಯಕ್ಷನೂ ಅಲ್ಲಿಯವನೇ, ಅಂದರೆ ನಮ್ಮ ಕಾಂತರಾಜ್. ಬೆಳಗಿನ ಸಾಲಿನಲ್ಲಿ ಮಿಟ್ಟಪಲ್ಲಿಯವರಿಗೆ ಯಾವತ್ತೂ ಕೊನೆಯ ಜಾಗ. ಈ ಬೇಸಿಗೆಯಲ್ಲಿ ಒಂದು ದಿನ ಸಾಲಿನಲ್ಲಿ ಕಾದೂ ಕಾದೂ ಅವರ ಹಾಲು ಒಡೆಯಿತು. ಡೈರಿಯವರು ವಾಪಸ್ಸು ಕಳಿಸಿದರು. ಕದಿರೇಶ್ ಆ ಕ್ಯಾನನ್ನು ಎತ್ತಿ ಡೈರಿಯ ಮೆಟ್ಟಿಲ ಮೇಲೆಯೇ ಸುರಿದು ಬಂದ. ವಾರದೊಳಗೆ ಮಿಟ್ಟಪಲ್ಲಿಯ ಅರಳೀಕಟ್ಟೆಯ ಹತ್ತಿರ ಹೊಸ ಬೋರ್ಡು ಎದ್ದಿತು: ಮಿಟ್ಟಪಲ್ಲಿ ಹಾಲು ಉತ್ಪಾದಕರ ಸಂಘ. ಸಂಘ ಇನ್ನೂ ಹುಟ್ಟಿರಲಿಲ್ಲ, ಬೋರ್ಡು ಹುಟ್ಟಿತ್ತು. ಇವರ ಹಾಲು ಹೋದರೆ ಟ್ಯಾಂಕು ತುಂಬುವುದಿಲ್ಲ, ತುಂಬದ ಟ್ಯಾಂಕನ್ನು ಮೇಲಿನವರು ಬೇರೆ ಊರಿಗೆ ಸಾಗಿಸುತ್ತಾರೆ ಎಂದು ಕಾಂತರಾಜ್ ಕುದ್ದುಹೋದ. ಮುಳ್ಳು ಬಿತ್ತು, ಎದುರು ಮುಳ್ಳು ಬಿತ್ತು, ಇಬ್ಬರ ತಲೆಗೆ ಹೊಲಿಗೆ ಬಿತ್ತು, ಕೊನೆಗೆ ಮಾರಮ್ಮನ ಮುಂದೆ ಆಣೆಯೂ ಬಿತ್ತು. ಅಧಿಕಾರಿಗಳು ಎರಡು ಸಲ ಬಂದು, ಕಾಫಿ ಕುಡಿದು, ನೀವು ನೀವೇ ಸರಿಮಾಡಿಕೊಳ್ಳಿ ಎಂದು ಹೋಗಿದ್ದರು.

ಗಂಗಾಲಕ್ಷ್ಮಿಗೆ ಒಂದು ವಿಷಯ ನೀರಿನಷ್ಟು ತಿಳಿಯಾಗಿ ಅರ್ಥವಾಯಿತು. ಈಗ ಬಲಕ್ಕೆ ಹೋದರೆ ತವರು ಮುಚ್ಚುತ್ತದೆ, ಎಡಕ್ಕೆ ಹೋದರೆ ಗಂಡನ ಮನೆ. ಈ ರಜೆ ಮುಗಿಯುವುದರೊಳಗೆ ಆ ಬೇಲಿ ಹೋಗದಿದ್ದರೆ ಇನ್ನು ಜನ್ಮದಲ್ಲಿ ಎರಡು ಮನೆ ತನ್ನವು ಅನ್ನುವ ಹಾಗಿಲ್ಲ. ಅವಳು ಟ್ರಂಕನ್ನು ಎಳೆದುಕೊಂಡು ಹೋಗಿ ಹುಣಸೆಮರದ ಬುಡದಲ್ಲಿ ಇಟ್ಟು, ಅದರ ಮೇಲೆ ಕೂತುಬಿಟ್ಟಳು.

"ನಾನು ಈ ಕಡೇನೂ ಬರಲ್ಲ, ಆ ಕಡೇನೂ ಬರಲ್ಲ," ಎಂದಳು. "ಇದು ಬಗೆಹರಿಯೋವರ್ಗೂ ಎರಡು ಊರಲ್ಲೂ ಒಂದು ಲೋಟ ನೀರು ಸಹ ಮುಟ್ಟಲ್ಲ. ಅಲ್ಲಿ ನಮಗೆ ಹಿಂಗೇ ಕಲ್ಸಿರೋದು."

ಮಾರನೆಯ ದಿನದಿಂದ ಹುಣಸೆಮರದ ಕೆಳಗೆ ವಿಶ್ವಸಂಸ್ಥೆಯ ಕಚೇರಿ ಶುರುವಾಯಿತು. ಹಾಗೆಂದು ಹೆಸರಿಟ್ಟವರು ಮಿಟ್ಟಪಲ್ಲಿಯ ಹಿರಿಯ ದೊಡ್ಡವೆಂಕಟಪ್ಪ. ಅವರಿಗೆ ಹೊತ್ತು ಹೋಗದ ಕಷ್ಟವಿತ್ತು, ಅದು ಒಂದೇ ಏಟಿಗೆ ಪರಿಹಾರವಾಯಿತು. ಗಂಗಾಲಕ್ಷ್ಮಿ ರಾತ್ರಿ ಬೈರಕೂರಿನಲ್ಲಿ ಟೀಚರಾಗಿದ್ದ ಗೆಳತಿಯ ಮನೆಯಲ್ಲಿ ಮಲಗಿ, ಬೆಳಗ್ಗೆ ಹಾಲಿನ ಹೊತ್ತಿಗೆ ನೀಲಿ ಟೋಪಿ ಹಾಕಿಕೊಂಡು ಹಾಜರಾಗುತ್ತಿದ್ದಳು. ಮಧ್ಯಾಹ್ನ ದಕ್ಷಿಣ ಸುಡಾನಿನ ಶಾಂತಿಪಾಲನಾ ಮಿಷನ್ನಿನಿಂದ ತಂದ ಪುಟ್ಟ ಒಲೆಯಲ್ಲಿ ನೂಡಲ್ಸ್ ಬೇಯಿಸಿಕೊಳ್ಳುತ್ತಿದ್ದಳು. ಎರಡೂ ಊರಿನ ಜನ ಬೇಲಿಯ ಸಂದಿನಲ್ಲಿ ನಿಂತು ಅದನ್ನು ನೋಡುತ್ತಿದ್ದರು.

"ಅಲ್ಲಿ ಏನಮ್ಮಾ ನಡೀತಿತ್ತು?" ಎಂದು ದೊಡ್ಡವೆಂಕಟಪ್ಪ ಕೇಳಿದರು.

"ಒಂದು ದೊಡ್ಡ ದೇಶ ಇತ್ತು ತಾತ. ದಕ್ಷಿಣದೋರು ನಾವು ಬೇರೆ ಹೋಗ್ತೀವಿ ಅಂದ್ರು. ವರ್ಷಗಟ್ಲೆ ಯುದ್ಧ ಆಯ್ತು. ಕೊನೆಗೆ ಅಕ್ಕಪಕ್ಕದ ದೇಶಗಳೆಲ್ಲ ಸೇರಿ ಕೂರಿಸಿ ಮಾತಾಡಿಸಿದ್ವು, ಹೊರಗಿನೋರು ನಿಂತು ನೋಡ್ಕೊಂಡ್ರು, ಜನ ಓಟು ಹಾಕಿ ನಿಯತ್ತಾಗಿ ಬೇರೆ ಆದ್ರು."

"ಆಮೇಲೆ ಸುಖವಾಗಿದ್ರಾ?"

"ಇಲ್ಲ ತಾತ. ಬೇರೆ ಆದೋರು ತಮ್ಮತಮ್ಮೊಳಗೇ ಹೊಡೆದಾಡಿದ್ರು."

"ಮತ್ತೆ ನಿಮ್ಮ ವಿಶ್ವಸಂಸ್ಥೆ ಇದ್ದು ಏನ್ ಮಾಡ್ತು?"

ಈ ಪ್ರಶ್ನೆ ಅವಳು ಒಂದು ವರ್ಷದಿಂದ ತನ್ನನ್ನೇ ಕೇಳಿಕೊಂಡಿದ್ದಳು. "ಓಡಿ ಬಂದೋರಿಗೆ ಬೇಲಿ ಹಾಕಿ ಒಳಗಿಟ್ಕೊಂಡು ಜೀವ ಉಳಿಸಿದ್ವಿ," ಎಂದಳು. "ಅದು ಕಮ್ಮಿ ಅಲ್ಲ. ಆದ್ರೆ ಬೇಲಿ ಕಾಯೋದು ಒಂದು, ರಾಜಿ ಮಾಡ್ಸೋದು ಇನ್ನೊಂದು. ಅವ್ರು ಮನಸ್ಸು ಮಾಡ್ದೆ ಹೊರಗಿನೋರು ಏನೂ ಕಿಸಿಯೋಕಾಗಲ್ಲ."

ಆದರೂ ಕೆಲಸ ಚೆನ್ನಾಗಿಯೇ ಶುರುವಾಯಿತು. ಅವಳು ಮೊದಲು ಹಾಲಿನ ಸಾಲು ಹಿಡಿದಳು. ಈ ಊರಿನ ಒಂದು ಕ್ಯಾನು, ಆ ಊರಿನ ಒಂದು ಕ್ಯಾನು, ಹಾಗೆ ಹೆಣೆದಂತೆ ಸಾಲು. ಕ್ಯಾನು ಬರುವ ಹೊತ್ತಿಗೆ ಬೇಲಿ ಸರಿಸುವುದು, ಹೋದ ಮೇಲೆ ಮುಚ್ಚುವುದು. ಹಾಲು ಒಂದು ತೊಟ್ಟೂ ಒಡೆಯಲಿಲ್ಲ. ಕೋಲಾರ ತಾಲ್ಲೂಕಿನ ಸುಗಟೂರು, ಮಾಲೂರಿನ ಲಕ್ಕೂರು, ಆ ಕಡೆ ಶ್ರೀನಿವಾಸಪುರ, ಮೂರೂ ಕಡೆಯ ಹಾಲಿನ ಸಂಘದವರಿಗೆ ಫೋನು ಮಾಡಿ, ಬೇರೆ ಹೋಗಬೇಕೋ ಬೇಡವೋ ಎಂದು ಭಾನುವಾರ ಮಿಟ್ಟಪಲ್ಲಿಯವರು ಓಟು ಹಾಕುತ್ತಾರೆ, ಬಂದು ನಡುವೆ ನಿಲ್ಲಿ ಎಂದು ಬೇಡಿಕೊಂಡಳು. ಅವರು ಒಪ್ಪಿದರು. ಮಿಟ್ಟಪಲ್ಲಿಯಲ್ಲಿ ಸಂಭ್ರಮವೋ ಸಂಭ್ರಮ. ನಮ್ಮ ಜಗಳ ನೋಡಲು ಮಾಲೂರಿನಿಂದ ಬರುತ್ತಾರೆ ಎಂದರೆ ನಾವೇನು ಸಾಮಾನ್ಯದವರೇ ಎಂದು ಜನ ಎದೆಯುಬ್ಬಿಸಿದರು. ಅವಳಿಗೂ ಹುರುಪು ಏರಿತು. ರಜೆ ಮುಗಿಯುವುದರೊಳಗೆ ಅಮ್ಮನ ಮನೆಯ ಮುದ್ದೆ ಸಿಕ್ಕೇ ಸಿಗುತ್ತದೆ ಎಂದುಕೊಂಡಳು.

ಅಷ್ಟರಲ್ಲಿ ಎಲ್ಲಾ ಕೆಟ್ಟಿತು. ಕೆಡಿಸಿದ್ದು ಅವಳ ನೂಡಲ್ಸು.

ಆ ಸೀಮೆಯಲ್ಲಿ ನ್ಯಾಯ ಹೇಳುವವರು ಎರಡೂ ಕಡೆಯ ಮನೆಯಲ್ಲಿ ಮಜ್ಜಿಗೆಯಾದರೂ ಕುಡಿದು ಕೂರುತ್ತಾರೆ. ಕುಡಿಯದವರು ಯಾರೂ ಇಲ್ಲ. ಹೀಗಿರುವಾಗ ಇವಳೊಬ್ಬಳು ಒಂದು ಹನಿ ಮುಟ್ಟುವುದಿಲ್ಲ ಎಂದರೆ ಜನ ಏನೆಂದುಕೊಳ್ಳಬೇಕು? ಬರೀ ಆ ಎಳೆ ಎಳೆ ಪದಾರ್ಥ ತಿಂದು ಯಾರಾದರೂ ಬದುಕುತ್ತಾರೆಯೇ? ತವರಿನಿಂದ ಕದ್ದುಮುಚ್ಚಿ ಡಬ್ಬಿ ಬರುತ್ತಿದೆ ಎಂದು ಮಿಟ್ಟಪಲ್ಲಿಯವರು ಆಡಿಕೊಂಡರು. ಗಂಡ ಬೈರಕೂರಿಗೆ ಊಟ ಮುಟ್ಟಿಸುತ್ತಾನೆ ಎಂದು ಚಿಂತಮಾನಪಲ್ಲಿಯವರು ಆಡಿಕೊಂಡರು. ಶುಕ್ರವಾರ ಬೆಳಗ್ಗೆ ಹೆಣೆದ ಸಾಲು ಬಿಚ್ಚಿಹೋಯಿತು. ಮಿಟ್ಟಪಲ್ಲಿಯ ಕ್ಯಾನುಗಳು ಬರಲೇ ಇಲ್ಲ.

"ನಮ್ಮನೆ ನೀರು ಬೇಡ ಅನ್ನೋಳ ಮಾತು ನಮಗ್ಯಾಕೆ?" ಎಂದು ಕಾಂತರಾಜ್ ಬೇಲಿಯ ಆಚೆಯಿಂದಲೇ ಹೇಳಿದ. "ಭಾನುವಾರ ಯಾರೂ ಬರೋದು ಬೇಡ ಅನ್ಬಿಡಕ್ಕ."

ಕದಿರೇಶ್ ಬಂದು ಬೈಕು ನಿಲ್ಲಿಸದೆಯೇ, "ನಮ್ಮೋರಿಗೂ ನಿನ್ನ ಮೇಲೆ ನಂಬಿಕೆ ಹೋಗಿದೆ ಗಂಗಾ. ಸಾಕು, ಮನೆಗೆ ಬಾ," ಎಂದ.

ಮಿಷನ್ನಿನ ತರಬೇತಿಯ ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಅವಳು ಮಾಡಿದ್ದಳು. ಯಾರ ಉಪ್ಪೂ ತಿನ್ನದಿದ್ದರೆ ಎಲ್ಲರೂ ನಂಬುತ್ತಾರೆ ಎಂದುಕೊಂಡಿದ್ದಳು, ಈಗ ಯಾರೂ ನಂಬುತ್ತಿಲ್ಲ. ಮಧ್ಯಾಹ್ನ ಒಲೆ ಹಚ್ಚಿ ನೀರಿಟ್ಟಳು. ಕುದಿಯುವ ನೀರನ್ನು ನೋಡುತ್ತ ಕೂತಳು, ನೂಡಲ್ಸ್ ಹಾಕಲು ಮನಸ್ಸಾಗಲಿಲ್ಲ.

ಆಗ ಎಡಗಡೆಯ ಬೇಲಿಯ ಸಂದಿನಿಂದ ಮುನಿಯಲ್ಲಮ್ಮ ನುಸುಳಿ ಬಂದಳು. ಸೆರಗಿನ ಕೆಳಗೆ ಒಂದು ಪಾತ್ರೆ. ಅದೇ ಹೊತ್ತಿಗೆ ಬಲಗಡೆಯಿಂದ ಅತ್ತೆ ಭಾರತಮ್ಮ ಬಂದಳು. ಅವಳ ಸೊಂಟದ ಮೇಲೂ ಒಂದು ಪಾತ್ರೆ. ಬೀಗಿತ್ತಿಯರಿಬ್ಬರೂ ಈ ಜಗಳಕ್ಕೆ ಮುಂಚೆ ಒಬ್ಬರನ್ನೊಬ್ಬರು ತೆಲುಗಿನಲ್ಲಿ ವದಿನಾ, ಅಂದರೆ ಅತ್ತಿಗೆ, ಎಂದು ಕರೆದುಕೊಂಡು, ದಿನಾ ಗಂಟೆಗಟ್ಟಲೆ ಹರಟುತ್ತಿದ್ದವರು. ಈಗ ಹುಣಸೆಮರದ ಎರಡು ಮಗ್ಗುಲಿಗೆ ಬಂದು, ಒಬ್ಬರನ್ನೊಬ್ಬರು ಕಂಡು, ಇಬ್ಬರೂ ಗಕ್ಕನೆ ನಿಂತರು.

ಮೊದಲು ಬಾಯಿ ಬಿಟ್ಟಿದ್ದು ಭಾರತಮ್ಮ. "ಏಮೇ ಸೊಸೆ, ಗಂಡ ಬದುಕಿದಾನೆ, ಅತ್ತೆ ಬದುಕಿದೀನಿ, ದಾರೀಲಿ ಒಲೆ ಹೂಡ್ಕೊಂಡು ಕೂತಿದೀಯಲ್ಲ. ದಿಕ್ಕಿಲ್ದೋಳಾ ನೀನು?"

"ಅದನ್ನೇ ಕೇಳಕ್ಕೆ ನಾನೂ ಬಂದೆ," ಎಂದಳು ಮುನಿಯಲ್ಲಮ್ಮ, ಬೀಗಿತ್ತಿಯ ಕಡೆ ನೋಡದೆ. "ಹೋಗೋರು ಬರೋರು ಕೇಳ್ತಾರೆ, ನಿನ್ನ ಮಗಳಿಗೆ ಯಾರೂ ಇಲ್ವಾ ಅಂತ. ಮುಖ ಎತ್ತಂಗಿಲ್ಲ."

"ಅಮ್ಮಾ, ಅತ್ತೆ, ನಾನು ಯಾರ ಕಡೇನೂ ಅಲ್ಲ ಅಂತ ತೋರ್ಸೋಕೆ—"

"ಯಾರ ಕಡೇನೂ ಅಲ್ಲ ಅಂದ್ರೆ ನಮಗೇನಾಗ್ಬೇಕು ನೀನು?" ಎಂದಳು ಭಾರತಮ್ಮ. "ಎರಡು ಕಡೆಯೋಳೂ ಆಗು. ಕೇಳು ವದಿನಾ, ನಾನು ಹೇಳಿದ್ದು ತಪ್ಪಾ?"

ವದಿನಾ ಎಂಬ ಮಾತು ಅವಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತ್ತು. ಮುನಿಯಲ್ಲಮ್ಮ ಸೆರಗು ಸರಿಮಾಡಿಕೊಂಡಳು. "ತಪ್ಪೇನಿಲ್ಲ ವದಿನಾ," ಎಂದಳು. "ನೀನೇ ಇನ್ನೊಂದೆರಡು ಮಾತು ಬೈಯಿ."

ಬೈದರು. ಇಬ್ಬರೂ ಸೇರಿ ಮನಸಾರೆ ಬೈದರು. ಒಬ್ಬಳು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬಳು ಮುಂದುವರಿಸಿದಳು. ಬೈಸಿಕೊಳ್ಳುತ್ತಲೇ ಗಂಗಾಲಕ್ಷ್ಮಿಗೆ ಎದೆಯೊಳಗೆ ಏನೋ ಹಗುರಾಯಿತು. ಮಿಷನ್ನಿನ ತಟ್ಟೆ ತೆಗೆದು ನಡುವೆ ಇಟ್ಟಳು. ಅಮ್ಮನ ಪಾತ್ರೆಯಿಂದ ಮುದ್ದೆ ತಟ್ಟೆಗೆ ಬಿತ್ತು. ಅತ್ತೆಯ ಪಾತ್ರೆಯಲ್ಲಿ ಅವರೆಕಾಳಿನ ಸಾರಿತ್ತು, ಅದು ಮುದ್ದೆಯ ಸುತ್ತ ಹರಿಯಿತು. ಎರಡೂ ಬೇಲಿಯ ಸಂದುಗಳಲ್ಲಿ ಮುಖಗಳು ತುಂಬಿಕೊಂಡವು. ಅವಳು ಎಲ್ಲರೂ ನೋಡುವಂತೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಒಂದು ವರ್ಷದ ಹಸಿವು ಗಂಟಲಿನಿಂದ ಇಳಿಯಿತು. ಹಾಗೆ ಉಣ್ಣುವಾಗ ಕಣ್ಣಲ್ಲಿ ನೀರು ಬಂದರೆ ಸಾರು ಖಾರ ಎಂದು ಹೇಳಿದರಾಯಿತು, ಅವಳು ಹಾಗೆಯೇ ಹೇಳಿದಳು.

ಬಲದ ಬೇಲಿಯಲ್ಲಿ ಕದಿರೇಶ್ ನಿಂತಿದ್ದ. "ಆಣೆ ಮುರಿದೆ ನೀನು," ಎಂದಷ್ಟೇ ಹೇಳಿ ಹೊರಟುಹೋದ. ಭಾನುವಾರದವರೆಗೆ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಅದು ಅವಳಿಗೆ ಕೊಡಲಿ ಏಟಿನ ಹಾಗೆ ತಗುಲಿತು, ಆದರೂ ಎದ್ದು ಹೋಗಲಿಲ್ಲ.

ಕಾಂತರಾಜ್ ಮಾತ್ರ ಅವತ್ತು ಸಂಜೆ ಬೇಲಿ ದಾಟಿ ಬಂದು ಅವಳ ಟ್ರಂಕಿನ ಮೇಲೆ ಕೂತ. ಅಷ್ಟು ದಿನ ಟ್ಯಾಂಕು, ಲೀಟರು ಎಂದು ಮಾತಾಡುತ್ತಿದ್ದವನು ಈಗ ಬೇರೆಯೇ ಮಾತು ತೆಗೆದ.

"ಟ್ಯಾಂಕಿಂದು ಹೆಂಗೋ ಆಗುತ್ತಕ್ಕ. ಅವ್ರ ಡೈರಿ ಅವ್ರು ಮಾಡ್ಕಂಡು, ಹಾಲು ಅಳೆದು ನಮ್ಮ ಟ್ಯಾಂಕಿಗೇ ತಂದು ಹುಯ್ಲಿ, ನನಗೇನು. ಆದ್ರೆ ನನ್ನ ಒಂದು ಮಾತು ಕೇಳ್ದೆ ಬೋರ್ಡು ಬರೆಸಿಬಿಟ್ರಲ್ಲ. ಮನೇಲಿ ಅಣ್ಣ ತಮ್ಮ ಬೇರೆ ಆದ್ರೂ ಹಿಂಗೆ ಹೋಗ್ತಾರಾ? ಹೊಸ ಒಲೆ ಹೂಡೋನು ಹಳೆ ಮನೆ ಬಾಗಿಲಿಗೆ ಬಂದು ಹೆಪ್ಪು ಕೇಳಲ್ವಾ? ಆ ಹೆಪ್ಪಲ್ಲಿ ಮೊದಲ್ನೇ ಮೊಸರು ಹಾಕಲ್ವಾ? ಬಾವ ಬಂದು ಹೆಪ್ಪು ಕೇಳ್ಲಿ. ನಾನೇ ಮುಳ್ಳು ಎಳೀತೀನಿ, ಆಣೇನೂ ಬಿಡ್ತೀನಿ."

ಅದು ನಿಜ. ಆ ಕಡೆ ಮನೆ ಬೇರೆಯಾದಾಗ ಹೊಲ, ಹಸು, ಪಾತ್ರೆ ಎಲ್ಲಾ ಹಂಚಿಕೊಂಡರೂ, ಮೊಸರಿಗೆ ಹೆಪ್ಪು ಮಾತ್ರ ಹಳೆಯ ಮನೆಯಿಂದಲೇ ಬರಬೇಕು. ಕೇಳದೆ ಕೊಡುವಂತಿಲ್ಲ, ಕೇಳಿದರೆ ಇಲ್ಲ ಅನ್ನುವಂತಿಲ್ಲ. ಒಂದೇ ಕಟ್ಟುಪಾಡು, ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಯಾವುದೂ ಹೊಸ್ತಿಲು ದಾಟುವುದಿಲ್ಲ.

ಗಂಗಾಲಕ್ಷ್ಮಿ ದೊಡ್ಡವೆಂಕಟಪ್ಪನವರ ಕೈಲಿ ಈ ಮಾತನ್ನು ಗಂಡನಿಗೆ ಹೇಳಿ ಕಳಿಸಿದಳು. ಓಟಿಗೆ ಒಪ್ಪಿಗೆ, ಟ್ಯಾಂಕಿಗೆ ಒಪ್ಪಿಗೆ, ಹೆಪ್ಪಿಗೆ ಮಾತ್ರ ಕೈಚಾಚುವುದಿಲ್ಲ ಎಂದು ಅವನು ಹೇಳಿ ಕಳಿಸಿದ. ಹಾಲು ಒಡೆದದ್ದು ತಮ್ಮದು, ಅವಮಾನ ಆದದ್ದು ತಮಗೆ, ಬೇಡುವುದೂ ತಾವೇ ಏನು ಎಂದನಂತೆ. ಅದರಲ್ಲೂ ನ್ಯಾಯವಿತ್ತು, ಇಲ್ಲ ಅನ್ನಲಾಗದು. ಅವಳು ಆ ಒಂದನ್ನು ಆಮೇಲೆ ನೋಡೋಣ ಎಂದು ಬಿಟ್ಟಳು. ದೊಡ್ಡ ದೊಡ್ಡ ದೇಶಗಳ ಒಪ್ಪಂದದಲ್ಲೂ ಆಮೇಲೆ ನೋಡೋಣ ಎಂಬುದೊಂದು ಉಳಿದೇ ಇರುತ್ತದೆ, ಮುಂದೆ ಹೊಗೆಯಾಡುವುದು ಅದೇ. ಅದು ಗೊತ್ತಿದ್ದೂ ಬಿಟ್ಟಳು, ಬೇರೆ ದಾರಿ ಇರಲಿಲ್ಲ.

ಭಾನುವಾರ ಬಂತು. ಸುಗಟೂರಿನಿಂದ ಮುರಳಿಮೋಹನ್, ಲಕ್ಕೂರಿನಿಂದ ನಂದಿತಾ, ಶ್ರೀನಿವಾಸಪುರದ ಕಡೆಯಿಂದ ಒಂದು ಬುಟ್ಟಿ ಮಾವಿನಕಾಯಿ ಸಮೇತ ವೆಂಕಟ್. ಮೂವರೂ ಮೊದಲು ಮಿಟ್ಟಪಲ್ಲಿಯಲ್ಲಿ ಮಜ್ಜಿಗೆ, ಆಮೇಲೆ ಚಿಂತಮಾನಪಲ್ಲಿಯಲ್ಲಿ ಮಜ್ಜಿಗೆ ಕುಡಿದರು. ಗಂಗಾಲಕ್ಷ್ಮಿ ಪಾಠ ಕಲಿತಿದ್ದಳು, ಕುಡಿಯುವವರೆಗೆ ಅವರನ್ನು ಕೂರಲು ಬಿಡಲಿಲ್ಲ. ಎರಡು ಊರಿನ ಹೆಂಗಸರು, ಗಂಡಸರು, ಸೊಂಟದ ಮೇಲಿನ ಕೂಸುಗಳು ಎಲ್ಲಾ ಹುಣಸೆಮರದ ಸುತ್ತ ಕಿಕ್ಕಿರಿದರು. ತಮಟೆಯವರು ಯಾರೂ ಕರೆಯದೆಯೇ ಬಂದು ಬೆಂಕಿ ಮಾಡಿಕೊಂಡು ತಮಟೆ ಕಾಯಿಸುತ್ತಿದ್ದರು.

ಓಟು ಹಾಕುವವರು ಮಿಟ್ಟಪಲ್ಲಿಯ ಸದಸ್ಯರು ಮಾತ್ರ. ಸೀರೆಯ ಮರೆಯಲ್ಲಿ ಎರಡು ಹಾಲಿನ ಕ್ಯಾನು. ಕೆಂಪು ದಾರ ಕಟ್ಟಿದ್ದು ಬೇರೆ ಹೋಗುವುದಕ್ಕೆ, ಬಿಳಿ ದಾರ ಕಟ್ಟಿದ್ದು ಕೂಡಿ ಇರುವುದಕ್ಕೆ. ಒಬ್ಬೊಬ್ಬರಿಗೆ ಒಂದೊಂದು ಅವರೆಕಾಳು. ಮೊದಲನೆಯವನು ಒಳಗೆ ಹೋಗಿ ಕಾಳು ಹಾಕಿದ, ಖಾಲಿ ಕ್ಯಾನು ಟಣ್ ಎಂದಿತು.

"ಎಡಗಡೇದು, ಎಡಗಡೇದು. ಕೆಂಪು," ಎಂದು ಹೊರಗೆ ಕಿವಿಕೊಟ್ಟು ನಿಂತವರೆಲ್ಲ ಪಿಸುಗುಟ್ಟಿದರು.

ಲಕ್ಕೂರಿನ ನಂದಿತಾ ಎದ್ದು ನಿಂತಳು. "ನಿಲ್ಸಿ. ಇದೆಂಥ ಗುಟ್ಟು, ಊರಿಗೆಲ್ಲ ಕೇಳಿಸ್ತಿದೆ," ಎಂದು ಹೇಳಿ, ತನ್ನ ಟವೆಲ್ಲನ್ನೇ ಹರಿದು ಎರಡು ಕ್ಯಾನಿನ ತಳಕ್ಕೂ ಹಾಸಿದಳು. ಮೊದಲನೆಯವನ ಕೈಲಿ ಮತ್ತೆ ಹಾಕಿಸಿದಳು. ಆಮೇಲೆ ಕಿವಿಗಳಿಗೆ ಕೆಲಸವಿಲ್ಲದಾಯಿತು. ಹೊರಗಿನವರು ಬೇಕು ಅನ್ನುವುದು ಇಂಥದಕ್ಕೇ ಎಂದು ಗಂಗಾಲಕ್ಷ್ಮಿಗೆ ಖುಷಿಯಾಯಿತು.

ಸಾಲು ಕರಗುವಾಗ ಹೊತ್ತು ಇಳಿಯುತ್ತಿತ್ತು. ಮುರಳಿಮೋಹನ್ ಎರಡೂ ಊರಿಗೆ ಕೇಳುವಂತೆ ಕೂಗಿ ಹೇಳಿ, ಕ್ಯಾನುಗಳನ್ನು ಗೋಣಿಚೀಲದ ಮೇಲೆ ಸುರಿದ. ಕೆಂಪು ಕ್ಯಾನಿನಿಂದ ಕಾಳು ಬಳಬಳನೆ ಬಿದ್ದು ಗುಡ್ಡೆಯಾಯಿತು. ಬಿಳಿಯದರಿಂದ ಒಂದು ಹಿಡಿಯೂ ಬೀಳಲಿಲ್ಲ. ಎಣಿಸುವ ಮೊದಲೇ ತಮಟೆ ಸಿಡಿಯಿತು. ಮಿಟ್ಟಪಲ್ಲಿ ಬೇರೆಯಾಗಿತ್ತು. ಜನ ಕದಿರೇಶನನ್ನು ಹೆಗಲ ಮೇಲೆ ಎತ್ತಿಕೊಂಡು, ಚೆಂಡುಹೂವಿನ ಹಾರ ಹಾಕಿ, ಕುಣಿಯುತ್ತ ಊರಿಗೆ ಒಯ್ದರು. ಚಿಂತಮಾನಪಲ್ಲಿಯವರು ಸದ್ದಿಲ್ಲದೆ ಎದ್ದು ಮನೆ ಕಡೆ ನಡೆದರು. ಕಾಂತರಾಜ್ ಹೋಗುತ್ತ ಅಕ್ಕನ ಕಡೆ ಒಂದು ಸಲ ನೋಡಿ, ಸೂರ್ಯನ ಕಡೆ ಒಂದು ಸಲ ನೋಡಿದ.

ಮಿಟ್ಟಪಲ್ಲಿಯ ಹೊಸ ಡೈರಿಗೆ ಮಾರನೆಯ ಬೆಳಗ್ಗೆ ಮೊದಲ ಹಾಲು ಬೀಳಬೇಕು. ಅದಕ್ಕೆ ಇವತ್ತೇ ಹಾಲು ಕಾಯಿಸಿ ಹೆಪ್ಪು ಹಾಕಿಟ್ಟು, ಬೆಳಗ್ಗೆ ಎಲ್ಲರಿಗೂ ಮೊಸರು ಹಂಚುವುದೆಂದು ತೀರ್ಮಾನವಾಗಿತ್ತು. ಅರಳೀಕಟ್ಟೆಯ ಹತ್ತಿರ ಕೊಳದಪ್ಪಲೆ ತುಂಬ ಹಾಲು ಕಾಯ್ದು, ಉಗುರುಬೆಚ್ಚಗಾಗಿತ್ತು.

"ಬೈರಕೂರಿಗೆ ಯಾರನ್ನಾದ್ರೂ ಓಡ್ಸಿ, ಪಾಕೆಟ್ ಮೊಸರು ತರ್ಲಿ. ಅದ್ನೇ ಹೆಪ್ಪು ಹಾಕೋಣ," ಎಂದ ಯಾರೋ ಒಬ್ಬ.

ತಮಟೆ ನಿಂತುಹೋಯಿತು. ಭಾರತಮ್ಮ ಮಗನ ಮುಖ ನೋಡಿದಳು. ದೊಡ್ಡವೆಂಕಟಪ್ಪ ಕೆಮ್ಮಿದರು. ಕದಿರೇಶ್ ಹಾರ ಹಾಕಿಕೊಂಡೇ ಹಾಲಿನ ಮುಂದೆ ನಿಂತಿದ್ದ. ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ. ಮೆರವಣಿಗೆಯ ಹಿಂದೆಯೇ ಬಂದಿದ್ದ ಗಂಗಾಲಕ್ಷ್ಮಿ ಅವನ ಎದುರಿಗೆ ಹೋಗಿ ನಿಂತಳು. ನಡುವಿನವಳು ಇಷ್ಟರ ಮೇಲೆ ಮಾತಾಡಬಾರದು ಎಂದು ಪುಸ್ತಕ ಹೇಳುತ್ತದೆ. ಪುಸ್ತಕದ ಮಾತನ್ನು ಅವಳು ಆಗಲೇ ಒಂದು ಸಲ ಮೀರಿದ್ದಳು.

"ನಾನು ಟೋಪಿ ಹಾಕ್ಕೊಂಡು ಹೇಳ್ತಿಲ್ಲ," ಎಂದಳು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು. "ನಿಮ್ಮ ಹೆಂಡ್ತಿಯಾಗಿ ಹೇಳ್ತಿದೀನಿ. ಸೋತಿದ್ರೆ ಕೇಳ್ಬೇಡಿ ಅಂತಿದ್ದೆ. ಸೋತೋರು ಕೇಳಿದ್ರೆ ಅದು ಬೇಡಿದಂಗೆ. ಗೆದ್ದಿದೀರಲ್ಲ, ಈಗ ಕೇಳಿದ್ರೆ ಏನ್ರೀ ಕಮ್ಮಿಯಾಗುತ್ತೆ? ನನಗೆ ನನ್ನ ತವರು ಬೇಕು."

ದೂರದಲ್ಲಿ ಚಿಂತಮಾನಪಲ್ಲಿಯ ಮೊದಲ ದೀಪ ಕಂಡಿತು. ಆಮೇಲೆ ಇನ್ನೊಂದು, ಪಕ್ಕದಲ್ಲಿ ಮತ್ತೊಂದು. ಗಂಗಾಲಕ್ಷ್ಮಿ ಮುಗಿಯಿತು ಎಂದುಕೊಂಡಳು.

ಅವನು ಹಾರ ತೆಗೆದು ಅರಳೀಕಟ್ಟೆಯ ಮೇಲೆ ಇಟ್ಟ. "ಅಮ್ಮಾ, ಒಂದು ಬಟ್ಟಲು ಕೊಡು," ಎಂದ. ಬಟ್ಟಲು ತನ್ನ ಕೈಗೆ ಬಂದಾಗ ಅದನ್ನು ಹೆಂಡತಿಯ ಕೈಗಿಟ್ಟು, "ಹತ್ತು," ಎಂದ. ಮೂರು ದಿನದಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

ಬೈಕು ಹಾರಿಕೊಂಡು ಹೋಯಿತು. ಬಲದ ಬೇಲಿಯನ್ನು ಕುಣಿಯುವವರು ಆಗಲೇ ಎಳೆದು ಬಿಸಾಕಿದ್ದರು. ಎಡದ ಬೇಲಿಯನ್ನು ಪಕ್ಕಕ್ಕೆ ತಳ್ಳಿಕೊಂಡು ಬೈಕು ನುಗ್ಗುವಾಗ ಜಾಲಿಮುಳ್ಳು ಅವಳ ತೋಳು ಗೀರಿತು, ಅವಳಿಗೆ ಗೊತ್ತಾಗಲಿಲ್ಲ. ಚಿಂತಮಾನಪಲ್ಲಿಯ ಬೀದಿಯಲ್ಲಿ ಮೊದಲ ಮನೆಯಲ್ಲಿ ದೀಪ ಉರಿಯುತ್ತಿತ್ತು. ಎರಡನೆಯದರಲ್ಲೂ ಉರಿಯುತ್ತಿತ್ತು. ದೇವರ ಗೂಡುಗಳು ಬೆಳಗುತ್ತಿದ್ದವು, ಬಾಗಿಲಲ್ಲಿ ಊದುಬತ್ತಿಯ ವಾಸನೆ ಹರಡಿತ್ತು. ಕದಿರೇಶ್ ವೇಗ ಕಡಿಮೆ ಮಾಡಿದ. "ಹೊತ್ತು ಮೀರ್ತು ಗಂಗಾ," ಎಂದ. "ಮೀರಿದ್ರೂ ನಡೀರಿ," ಎಂದಳು ಅವಳು.

ತಿರುವಿನಲ್ಲಿ ಅವಳ ತವರುಮನೆ. ಇಡೀ ಬೀದಿ ಬೆಳಕಾಗಿತ್ತು, ಆ ಒಂದು ಮನೆ ಕತ್ತಲಾಗಿತ್ತು.

ಬಾಗಿಲು ತೆರೆದೇ ಇತ್ತು. ಹೊಸ್ತಿಲ ಪಕ್ಕದಲ್ಲಿ ಮುನಿಯಲ್ಲಮ್ಮ ಕೂತಿದ್ದಳು, ಮುಂದೆ ಎಣ್ಣೆ ಬತ್ತಿ ಹಾಕಿದ ದೀಪ, ಮುಷ್ಟಿಯಲ್ಲಿ ಬೆಂಕಿಪೊಟ್ಟಣ. ಒಳಗೆ ಕಾಂತರಾಜ್ ಏನಕ್ಕೋ ಕಾಲು ಎಡವಿಕೊಂಡು, "ಎಷ್ಟೊತ್ತು ಹಿಂಗೆ ಕತ್ಲಲ್ಲಿ ಕೂರ್ಸ್ತೀಯಮ್ಮ, ಲೈಟಾದ್ರೂ ಹಾಕಕ್ಕೆ ಬಿಡು," ಎಂದು ಗೊಣಗುತ್ತಿದ್ದ. ಬೈಕಿನ ಸದ್ದಿಗೆ ಹೊರಗೆ ಬಂದ. ಬಾವನನ್ನು ಕಂಡು ಅಲ್ಲೇ ನಿಂತ.

ಕದಿರೇಶ್ ಹೆಂಡತಿಯ ಕೈಯಿಂದ ಬಟ್ಟಲು ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದ. "ಕಾಂತರಾಜ್, ನಾವು ಬೇರೆ ಹೋಗ್ತಿದೀವಿ," ಎಂದ. ಬಟ್ಟಲನ್ನು ಮುಂದಕ್ಕೆ ಚಾಚಿದ. "ನಿಮ್ಮನೆ ಹೆಪ್ಪು ಬೇಕು."

ಕಾಂತರಾಜ್ ಬೀದಿಯ ದೀಪಗಳನ್ನು ನೋಡಿದ. "ಕೇಳಿದ್ರಲ್ಲ ಬಾವ, ಅಷ್ಟೇ ಸಾಕಿತ್ತು ನನಗೆ," ಎಂದ ಮೆಲ್ಲಗೆ. "ಆದ್ರೆ ದೀಪ ಹಚ್ಚೋ ಹೊತ್ತು ಆಗೋಯ್ತಲ್ಲ."

"ಯಾರ ಮನೇಲಿ ಹಚ್ಚಿದ್ರೆ ನಮಗೇನು?" ಎಂದಳು ಮುನಿಯಲ್ಲಮ್ಮ. "ನಮ್ಮನೇಲಿ ಇನ್ನೂ ಹಚ್ಚಿಲ್ಲ. ನಮಗಿನ್ನೂ ಸಂಜೆ ಆಗಿಲ್ಲ. ಹೋಗಿ ಹೆಪ್ಪು ತಾ."

ಕಾಂತರಾಜ್ ಕತ್ತಲಲ್ಲಿ ತಡಕಿಕೊಂಡು ಅಡುಗೆಮನೆಗೆ ಹೋದ. ಏನೋ ಬಿತ್ತು, ಏನೋ ಉರುಳಿತು. ಮೊಸರಿನ ಗಡಿಗೆಯನ್ನೇ ಎತ್ತಿಕೊಂಡು ಬಂದು, ಬಾವನ ಬಟ್ಟಲು ತುಂಬಿ ಚೆಲ್ಲುವವರೆಗೆ ಹುಯ್ದ. "ಬಾವ, ಕುಡಿಯಕ್ಕೆ ನೀರು ಕೊಡ್ಲಾ?" ಎಂದು ಕೇಳಿದ. ಕದಿರೇಶ್ ತಲೆ ಆಡಿಸಿದ. ಚೊಂಬಿನಿಂದ ಗಟಗಟನೆ ಕುಡಿದ. ಗಂಗಾಲಕ್ಷ್ಮಿ ಹೊಸ್ತಿಲ ಮೇಲೆ ಕೈಯಿಟ್ಟು ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಸಾರು ಖಾರ ಎಂದು ಹೇಳಲಿಲ್ಲ.

ಬಟ್ಟಲು ಹೊಸ್ತಿಲಾಚೆ ಹೋದ ಮೇಲೆ ಮುನಿಯಲ್ಲಮ್ಮ ಕಡ್ಡಿ ಗೀರಿ ದೀಪ ಹಚ್ಚಿದಳು. ಬೆಳಕಿನಲ್ಲಿ ಮಗಳ ಮುಖ ನೋಡಿದಳು, ಅಳಿಯನ ಮುಖ ನೋಡಿದಳು.

"ಹೆಪ್ಪು ಕೊಟ್ಟು ಬೇಗ ಬಂದ್ಬಿಡಿ ಅಳಿಯಂದ್ರೇ, ಮುದ್ದೆ ಆರೋಗುತ್ತೆ," ಎಂದಳು. "ಗಂಗಾ, ನೀನು ಒಳಗೆ ಬಾ. ಕೈ ತೊಳ್ಕೋ."